ಐಪಿ 66 ಪೆಟ್ಟಿಗೆಗೆ ಹೊಸ ತೂತು: ದರ್ಜೆ ಕೆಡದಂತೆ ಕಾಂಡ್ಯೂಟ್ ಕೂರಿಸಿದ ಕೆಲಸದ ದಾಖಲೆ

ವಿದ್ಯುತ್ ಸಾಧನಗಳಿರುವ ಈ ಪೆಟ್ಟಿಗೆ ಹೊರಗೋಡೆಯ ಮೇಲಿದೆ. 600 ಮಿ.ಮೀ ಎತ್ತರ, 400 ಅಗಲ, 250 ಆಳ. 1.5 ಮಿ.ಮೀ ಉಕ್ಕಿನ ತಗಡು, ಮೇಲೆ ಪೌಡರ್ ಕೋಟಿಂಗ್. ಬಾಗಿಲ ಒಳಗಿನ ಚೀಟಿಯಲ್ಲಿ ಐಪಿ 66, ನೆಮಾ 4 ಎಂದು ಅಚ್ಚಾಗಿದೆ, ಎರಡೂ ದೂಳು-ನೀರು ತಡೆಯುವ ದರ್ಜೆಗಳು. ಬಾಗಿಲಿನ ಗ್ಯಾಸ್ಕೆಟ್ ಮೆತ್ತಗೆ, ಚೆನ್ನಾಗಿದೆ. ಬೀಗ ಬಿಗಿಯಾಗಿ ಕೂರುತ್ತದೆ. ಆದರೂ ಒಳಗೆ, ಮೇಲಿನ ತಗಡಿನಿಂದ ಟರ್ಮಿನಲ್ ಸಾಲಿನವರೆಗೆ ಬೆರಳಗಲದ ಕಂದು ಗೆರೆ ಇಳಿದಿದೆ. ಎರಡು ಟರ್ಮಿನಲ್ ಸ್ಕ್ರೂಗಳ ತಲೆ ಹಸಿರುಗಟ್ಟಿದೆ. ತಳದಲ್ಲಿ ನೀರು ನಿಂತು ಒಣಗಿದ ಕಲೆ.

ನೀರು ಎಲ್ಲಿಂದ ಬಂತೆಂದು ಹುಡುಕಬೇಕಾಗಿಯೇ ಇರಲಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲೆ 25 ಮಿ.ಮೀ ಕಾಂಡ್ಯೂಟ್ (ತಂತಿ ಹಾಯುವ ಪೈಪ್) ಇಳಿಸಲು ಯಾರೋ ತೂತು ಕೊರೆದಿದ್ದರು. ತೂತಿನ ಅಳತೆ 28 ಮಿ.ಮೀ, ಅಂಚು ಹರಿದ ಹಾಗಿದೆ. ಒಳಗೊಂದು ಹೊರಗೊಂದು ಸಾದಾ ಲಾಕ್‌ನಟ್, ಸುತ್ತಲೂ ಸಿಲಿಕೋನ್ ಮೆತ್ತಿದ ಬಳೆ. ಉಗುರಿನಿಂದ ಎಬ್ಬಿಸಿದರೆ ಆ ಬಳೆ ಒಂದೇ ಪಟ್ಟಿಯಾಗಿ ಕಿತ್ತು ಬಂತು. ಅದರ ಕೆಳಗೆ ಬಣ್ಣ ಹೋಗಿ, ತುಕ್ಕು ಪದರಪದರವಾಗಿ ಎದ್ದಿತ್ತು. ಸಿಲಿಕೋನ್ ನೀರನ್ನು ತಡೆದಿರಲಿಲ್ಲ. ಒಳಗೆ ಹೊಕ್ಕ ನೀರು ಆರದಂತೆ ಹಿಡಿದಿಟ್ಟಿತ್ತು, ಅಷ್ಟೇ.

ಆಗಬೇಕಾದ ಕೆಲಸ ಎರಡು: ನೆತ್ತಿಯ ತೂತನ್ನು ಸರಿಯಾಗಿ ಮುಚ್ಚುವುದು, ತಳದಲ್ಲಿ ಎರಡು ಎಂ25 ಕಾಂಡ್ಯೂಟ್, ಒಂದು ಎಂ20 ಕೇಬಲ್ ಗ್ಲ್ಯಾಂಡ್ (ಕೇಬಲನ್ನು ಸುತ್ತ ಬಿಗಿಯಾಗಿ ಹಿಡಿಯುವ ಜೋಡಣೆ), ಒಂದು ಉಸಿರು-ಡ್ರೇನ್ ಪ್ಲಗ್ ಕೂರಿಸುವುದು. ಕೊನೆಗೆ ಚೀಟಿಯಲ್ಲಿರುವ ದರ್ಜೆ ಪೆಟ್ಟಿಗೆಗೆ ಒಪ್ಪಬೇಕು.

ಚೀಟಿಯ ಅಂಕಿ ಯಾವುದರದ್ದು

ಐಪಿ ಅಂಕಿಗಳು ಐಇಸಿ 60529 ಮಾನದಂಡದವು. ಮೊದಲ 6 ಎಂದರೆ ದೂಳು ಒಳಗೆ ಬರಲೇಬಾರದು. ಎರಡನೆಯ 6 ಎಂದರೆ 12.5 ಮಿ.ಮೀ ನಳಿಕೆಯಿಂದ ನಿಮಿಷಕ್ಕೆ 100 ಲೀಟರ್ ನೀರನ್ನು 2.5ರಿಂದ 3 ಮೀಟರ್ ದೂರದಿಂದ, ಕನಿಷ್ಠ 3 ನಿಮಿಷ ಎಲ್ಲ ದಿಕ್ಕಿನಿಂದ ಹೊಡೆದರೂ ಒಳಗೆ ಹಾನಿಯಾಗುವಷ್ಟು ನೀರು ಹೋಗಬಾರದು. ನೆಮಾ 4 ದರ್ಜೆಯ ನೀರಿನ ಪರೀಕ್ಷೆ ಇನ್ನೂ ಜೋರು: 25 ಮಿ.ಮೀ ನಳಿಕೆ, ನಿಮಿಷಕ್ಕೆ ಸುಮಾರು 240 ಲೀಟರ್. ಅದರ ಜೊತೆಗೆ ತುಕ್ಕು, ಗ್ಯಾಸ್ಕೆಟ್ ಹಳತಾಗುವುದು, ಹೊರಗೆ ಮಂಜುಗಡ್ಡೆ ಕಟ್ಟುವುದು ಇವನ್ನೂ ನೆಮಾ ನೋಡುತ್ತದೆ, ಐಪಿ ನೋಡುವುದಿಲ್ಲ. ಹಾಗಾಗಿ ನೆಮಾ 4 ಪೆಟ್ಟಿಗೆಯನ್ನು ಐಪಿ 66 ಬೇಕಾದ ಕಡೆ ಹಾಕಬಹುದು. ಐಪಿ 66 ಎಂದಷ್ಟೇ ಬರೆದಿರುವ ಪೆಟ್ಟಿಗೆಯನ್ನು ನೆಮಾ 4 ಬೇಕಾದ ಕಡೆ ಹಾಕಲು ಬರುವುದಿಲ್ಲ.

ಈ ಪರೀಕ್ಷೆಗಳೆಲ್ಲ ನಡೆದದ್ದು ಕಾರ್ಖಾನೆಯಿಂದ ಹೊರಟ ಸ್ಥಿತಿಯಲ್ಲಿರುವ ಪೆಟ್ಟಿಗೆಯ ಮೇಲೆ. ಡ್ರಿಲ್‌ನಿಂದ ಒಂದು ತೂತು ತೆಗೆದ ಕ್ಷಣವೇ ಆ ಅಂಕಿ ಪೆಟ್ಟಿಗೆಯ ಕೈಬಿಡುತ್ತದೆ. ಅದನ್ನು ಮರಳಿ ಪಡೆಯಲು ಇರುವ ದಾರಿ ಒಂದೇ: ಅಷ್ಟೇ ದರ್ಜೆಯ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಹಬ್ (ಕಾಂಡ್ಯೂಟನ್ನು ಪೆಟ್ಟಿಗೆಗೆ ಸೇರಿಸುವ ಜೋಡಣೆ), ಗ್ಲ್ಯಾಂಡ್ ಅಥವಾ ಪ್ಲಗ್ಗನ್ನು, ಅದರ ತಯಾರಕರು ಹೇಳಿದ ಅಳತೆಯ ತೂತಿನಲ್ಲಿ, ಹೇಳಿದ ರೀತಿಯಲ್ಲೇ ಕೂರಿಸಬೇಕು. ಒಂದು ಬಿಡಿಭಾಗ ಕೆಳದರ್ಜೆಯದಾದರೂ ಇಡೀ ಪೆಟ್ಟಿಗೆ ಅದರ ಮಟ್ಟಕ್ಕೆ ಇಳಿಯುತ್ತದೆ. ನೆಮಾ 4 ಪೆಟ್ಟಿಗೆಗೆ 3ಆರ್ ದರ್ಜೆಯ (ನೆಮಾದ್ದೇ, ಮಳೆಯನ್ನಷ್ಟೇ ತಡೆಯುವ ಕೆಳದರ್ಜೆ) ಹಬ್ ಹಾಕಿದರೆ ಕೈಯಲ್ಲಿರುವುದು 3ಆರ್ ಪೆಟ್ಟಿಗೆ, ಬಾಗಿಲಿಗೆ ಎಂಥ ಗ್ಯಾಸ್ಕೆಟ್ ಇದ್ದರೂ ಅಷ್ಟೇ. ಈ ಮಾತು ಎಷ್ಟು ಮುಖ್ಯವೆಂದರೆ, ನೆಮಾ 12 ಪೆಟ್ಟಿಗೆಗಳು ನಾಕ್‌ಔಟ್ (ತಟ್ಟಿದರೆ ಬಿದ್ದು ತೂತಾಗುವಂತೆ ಮೊದಲೇ ಅರೆಕತ್ತರಿಸಿದ ಬಿಲ್ಲೆ) ಇಲ್ಲದೆಯೇ ಬರುತ್ತವೆ. ನಾಕ್‌ಔಟ್ ಇದ್ದರೆ ಅದಕ್ಕೆ 12ಕೆ ಎಂಬ ಬೇರೆ ಹೆಸರೇ ಇದೆ.

ಸ್ಫೋಟ-ನಿರೋಧಕ ಪೆಟ್ಟಿಗೆಗಳಿಗೆ ಇಲ್ಲಿ ಹೇಳಿದ್ದು ಯಾವುದೂ ಅನ್ವಯಿಸುವುದಿಲ್ಲ. ಅವುಗಳಿಗೆ ಸ್ಥಳದಲ್ಲಿ ತೂತು ಕೊರೆಯಲೇಬಾರದು.

ಎಲ್ಲಿ ಕೊರೆಯಬೇಕು

ತೂತನ್ನು ಎಷ್ಟು ಚೆನ್ನಾಗಿ ಸೀಲ್ ಮಾಡಿದ್ದೇವೆ ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದೇ ದೊಡ್ಡದು. ಮೊದಲ ಆಯ್ಕೆ ತಳ. ಅದು ಆಗದಿದ್ದರೆ ಪಕ್ಕ, ಅದೂ ಟರ್ಮಿನಲ್‌ಗಳಿಗಿಂತ ಕೆಳಗೆ. ನೆತ್ತಿ ಕಟ್ಟಕಡೆಯದು.

ಕಾರಣ ಮಳೆ ಮೇಲಿನಿಂದ ಬೀಳುತ್ತದೆ ಎನ್ನುವುದಷ್ಟೇ ಅಲ್ಲ. ಪೆಟ್ಟಿಗೆ ಉಸಿರಾಡುತ್ತದೆ. ಬಿಸಿಲಿಗೆ ಒಳಗಿನ ಗಾಳಿ 50 ಡಿಗ್ರಿ ಸೆಲ್ಸಿಯಸ್‌ಗೆ ಏರಿದೆ ಎಂದುಕೊಳ್ಳಿ. ಆಗ ಹಿಗ್ಗಿದ ಗಾಳಿ ಸಿಕ್ಕ ಸಂದಿಯಿಂದ ಹೊರಹೋಗಿ ಒಳಗಿನ ಒತ್ತಡ ಹೊರಗಿನಷ್ಟೇ ಆಗಿರುತ್ತದೆ. ಅಷ್ಟರಲ್ಲಿ ಮಳೆ ಸುರಿದು ಗಾಳಿ 25ಕ್ಕೆ ಇಳಿಯುತ್ತದೆ. ಕೆಲ್ವಿನ್‌ನಲ್ಲಿ 323ರಿಂದ 298ಕ್ಕೆ, ಅಂದರೆ ಶೇ. 7.7 ಇಳಿಕೆ. ಸಂದಿಗಳೆಲ್ಲ ನೀರಿನಿಂದ ಮುಚ್ಚಿಹೋಗಿದ್ದರೆ ಒಳಗಿನ ಒತ್ತಡವೂ ಅಷ್ಟೇ ಪ್ರಮಾಣದಲ್ಲಿ, ಸುಮಾರು 7.8 ಕಿಲೋಪ್ಯಾಸ್ಕಲ್ ಕುಸಿಯುತ್ತದೆ. ಇದು ಹತ್ತಿರ ಹತ್ತಿರ 80 ಸೆಂ.ಮೀ ಎತ್ತರದ ನೀರಿನ ಕಂಬದ ಒತ್ತಡ. ನೆತ್ತಿಯ ಲಾಕ್‌ನಟ್ ಸುತ್ತ ಒಂದು ಚಮಚ ನೀರು ನಿಂತಿದ್ದರೂ ಸಾಕು, ಪೆಟ್ಟಿಗೆ ಅದನ್ನು ಎಳೆದುಕೊಳ್ಳುತ್ತದೆ. ಒತ್ತಡ ಸಮವಾಗಬೇಕಾದರೆ ಈ 60 ಲೀಟರ್ ಪೆಟ್ಟಿಗೆಗೆ 4.6 ಲೀಟರ್ ಗಾಳಿ ಬೇಕು. ಗಾಳಿಗೆ ದಾರಿ ಸಿಗದಿದ್ದರೆ ನೀರಿಗೆ ಸಿಗುತ್ತದೆ. ಉಸಿರು-ಡ್ರೇನ್ ಪ್ಲಗ್ ಹಾಕುವುದು ಈ ಕಾರಣಕ್ಕೇ. ಗಾಳಿ ಅದರ ಮೂಲಕ ಸಲೀಸಾಗಿ ಆಡಿದರೆ ಉಳಿದ ಸೀಲ್‌ಗಳ ಮೇಲೆ ಎಳೆತ ಬೀಳುವುದಿಲ್ಲ.

3ಆರ್ ಪೆಟ್ಟಿಗೆಯ ತಳದಲ್ಲಿ ಬರಿಯ ತೂತು ತೆಗೆದು ನೀರು ಹೋಗಲು ಬಿಡುವುದುಂಟು. ಅದೇ ಅಭ್ಯಾಸವನ್ನು ನೆಮಾ 4ಕ್ಕೆ ತಂದರೆ ದರ್ಜೆ ಹೋಯಿತು. ಇಲ್ಲಿ ಡ್ರೇನ್ ಪ್ಲಗ್‌ಗೂ ಐಪಿ 66, ನೆಮಾ 4 ಎಂಬ ಬರಹ ಬೇಕು.

ತಳದಲ್ಲಿಯೂ ಎಲ್ಲೆಂದರಲ್ಲಿ ಕೊರೆಯುವಂತಿಲ್ಲ. ತಗಡು ಮಡಚಿದ ಅಂಚು, ಬೆಸುಗೆಯ ಗೆರೆ, ಬಾಗಿಲ ಗ್ಯಾಸ್ಕೆಟ್ ಒತ್ತುವ ತುಟಿ, ಒಳಗಿನ ಬಲಪಟ್ಟಿ ಇವುಗಳ ಮೇಲೆ ಹಬ್‌ನ ಯಾವ ಭಾಗವೂ ಬರಬಾರದು. ಹಬ್‌ನ ಓ-ರಿಂಗ್‌ಗೆ (ಸೀಲ್ ಮಾಡುವ ರಬ್ಬರ್ ಬಳೆ) ಬೇಕಾದದ್ದು ಚಪ್ಪಟೆ ಜಾಗ. ಮಡಿಕೆಯ ಬಾಗು ಶುರುವಾದಲ್ಲಿ ಅದರಡಿ ಸಂದಿ ಉಳಿಯುತ್ತದೆ. ಈ ಕೆಲಸದ ಹಬ್‌ಗಳ ಹೊರ ವ್ಯಾಸ 42 ಮಿ.ಮೀ. ಆದ್ದರಿಂದ ಅಂಚಿನಿಂದ ಕೇಂದ್ರಕ್ಕೆ 50 ಮಿ.ಮೀ, ಎರಡು ಕೇಂದ್ರಗಳ ನಡುವೆ 65 ಮಿ.ಮೀ ಬಿಟ್ಟೆವು. ಹಬ್‌ಗಳ ನಡುವೆ ಉಳಿಯುವ 23 ಮಿ.ಮೀಯಲ್ಲಿ ಸ್ಪಾನರ್ ತಿರುಗಬೇಕು. ಕಾಗದದ ಮೇಲೆ ಹೊಂದುವ ಅಳತೆ ಸ್ಪಾನರ್‌ಗೆ ಹೊಂದದಿದ್ದರೆ ಕೊನೆಗೆ ನಟ್ಟಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವ ಪಾಡು ಬರುತ್ತದೆ. ಗ್ಯಾಸ್ಕೆಟ್ ಹರಿಯುವುದು ಆಗಲೇ.

ಸಾಮಾನು

ಓ-ರಿಂಗ್ ಇರುವ ಎಂ25 ಹಬ್ ಎರಡು, ಒಳನಟ್ಟಿಗೆ ಅರ್ಥ್ ಸ್ಕ್ರೂ ಇರುವಂಥವು. ಎಂ20 ಗ್ಲ್ಯಾಂಡ್ ಒಂದು, ಅದರ ಸೀಲಿಂಗ್ ವಾಷರ್ ಸಮೇತ. ಎಂ12 ಉಸಿರು-ಡ್ರೇನ್ ಒಂದು. ಎಂ32 ಮುಚ್ಚು-ಪ್ಲಗ್ ಒಂದು, ಓ-ರಿಂಗ್ ಮತ್ತು ಲಾಕ್‌ನಟ್ ಸಹಿತ. ಎಲ್ಲದರ ಮೇಲೂ ಐಪಿ 66 ಮತ್ತು ನೆಮಾ 4 ಬರಹ ಇದೆಯೇ ಎಂದು ನೋಡಿಯೇ ತೆಗೆದುಕೊಳ್ಳಬೇಕು. ‘ವಾಟರ್‌ಪ್ರೂಫ್’ ಎಂಬ ಪದ ದರ್ಜೆಯಲ್ಲ. ಜೊತೆಗೆ ಸತು ಹೆಚ್ಚಿರುವ ಪ್ರೈಮರ್, ಪೆಟ್ಟಿಗೆಯ ಬಣ್ಣಕ್ಕೆ ಹೊಂದುವ ಮೇಲ್ಬಣ್ಣ, ಕಾಂಡ್ಯೂಟ್ ಬಾಯಿ ಮುಚ್ಚುವ ಡಕ್ಟ್ ಸೀಲ್ ಪುಟ್ಟಿ.

ರಬ್ಬರ್ ಯಾವುದೆಂದೂ ನೋಡಿ. ಬಿಸಿಲು ಮಳೆಗೆ ಇಪಿಡಿಎಂ ಚೆನ್ನಾಗಿ ಬಾಳುತ್ತದೆ, ಆದರೆ ಖನಿಜ ತೈಲ ತಾಗಿದರೆ ಊದಿಕೊಳ್ಳುತ್ತದೆ. ಎಣ್ಣೆ ಸಿಡಿಯುವ ಯಂತ್ರದ ಪಕ್ಕಕ್ಕೆ ನೈಟ್ರೈಲ್ ಸರಿ. ಅದಕ್ಕೆ ಬಿಸಿಲು ಆಗದು. ಇಲ್ಲಿ ಇಪಿಡಿಎಂ.

ಕೊರೆಯುವ ಮುಂಚೆ

ಪೂರೈಕೆ ಕಡಿದು, ಬೀಗ ಹಾಕಿ, ಚೀಟಿ ಕಟ್ಟಿ, ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ನೋಡಿ, ಆಮೇಲೆ ಪೆಟ್ಟಿಗೆಯಲ್ಲಿ ನೋಡಿ, ಮತ್ತೆ ಕರೆಂಟ್ ಇರುವ ಕಡೆ ನೋಡಿ. ಹೊರಗಿನ ಬೇರೆ ಪೂರೈಕೆಯಿಂದ ಬರುವ ಕಂಟ್ರೋಲ್ ತಂತಿಗಳನ್ನು ಮರೆಯುವವರೇ ಹೆಚ್ಚು.

ಮೌಂಟಿಂಗ್ ಪ್ಲೇಟ್ ಬಿಚ್ಚಿ ಹೊರತೆಗೆಯಲು ಆಗುವುದಾದರೆ ತೆಗೆಯಿರಿ. ಇಲ್ಲಿ ಆಗಲಿಲ್ಲ. ಹಾಗಾಗಿ ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ), ಪವರ್ ಸಪ್ಲೈ, ಟರ್ಮಿನಲ್ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಅಂಚುಗಳಿಗೆ ಟೇಪ್ ಹಾಕಿದೆವು. ಕೂದಲಿನಷ್ಟು ತೆಳುವಾದ ಉಕ್ಕಿನ ಚೂರು ಡ್ರೈವ್‌ನ ಗಾಳಿಕಿಂಡಿಯಲ್ಲಿ ಬಿದ್ದರೆ ಅಂದೇ ಏನೂ ಆಗದಿರಬಹುದು. ಫ್ಯಾನ್ ತಿರುಗಿ ತಿರುಗಿ ಅದನ್ನು ಎಂದೋ ಒಂದು ದಿನ ಎರಡು ಪಿನ್‌ಗಳ ನಡುವೆ ಕೂರಿಸುತ್ತದೆ. ಆಗ ತೂತು ಕೊರೆದ ಕೆಲಸಕ್ಕೂ ಡ್ರೈವ್ ಸುಟ್ಟದ್ದಕ್ಕೂ ನಂಟು ಯಾರಿಗೂ ಹೊಳೆಯುವುದಿಲ್ಲ. ಕೊನೆಗೆ ಚೂರು ತೆಗೆಯುವಾಗಲೂ ಕಂಪ್ರೆಸರ್ ಗಾಳಿ ಊದಬೇಡಿ. ವ್ಯಾಕ್ಯೂಮ್‌ನಿಂದ ಎಳೆಯಿರಿ, ಉಳಿದದ್ದನ್ನು ಮ್ಯಾಗ್ನೆಟ್‌ಗೆ ಚೀಲ ಸುತ್ತಿ ಎತ್ತಿ.

ಗುರುತನ್ನು ಒಳಗಿನಿಂದಲೂ ಹೊರಗಿನಿಂದಲೂ ಅಳೆದು ಹಾಕಬೇಕು. ಹೊರಗೆ ಖಾಲಿ ಕಾಣುವ ಜಾಗದಲ್ಲಿ ಒಳಗೆ ಪ್ಲೇಟಿನ ಬೋಲ್ಟ್ ಇರಬಹುದು. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಡ್ಡ-ಉದ್ದ ಗೆರೆ ಎಳೆಯಿರಿ. ಟೇಪ್‌ನಿಂದ ಬಿಟ್ ಜಾರುವುದಿಲ್ಲ, ಪೌಡರ್ ಕೋಟಿಂಗ್ ಚಕ್ಕೆಯೂ ಏಳುವುದಿಲ್ಲ.

ಕೊರೆತ

ತಗಡಿಗೆ ಅತ್ಯುತ್ತಮವಾದದ್ದು ಹೈಡ್ರಾಲಿಕ್ ನಾಕ್‌ಔಟ್ ಪಂಚ್: ತಗಡಿನ ಒಂದು ಕಡೆಯ ಪಂಚನ್ನು ಇನ್ನೊಂದು ಕಡೆಯ ಡೈನೊಳಗೆ ಸ್ಟಡ್ (ನಡುವಿನ ಬೋಲ್ಟ್) ಎಳೆದು ತೂತು ಕತ್ತರಿಸುತ್ತದೆ. ಅಂಚು ಚೊಕ್ಕ, ಚೂರು ಬಹುತೇಕ ಇಲ್ಲ, ಅಳತೆ ಪ್ರತಿ ಸಲವೂ ಒಂದೇ. ಎಂ25 ಪಂಚ್ 25.4 ಮಿ.ಮೀ ತೂತು ಕೊಡುತ್ತದೆ, ಎಂ20 ಪಂಚ್ 20.4, ಎಂ32 ಪಂಚ್ 32.5. ಇಂಚಿನ ಕಾಂಡ್ಯೂಟ್ ಬಳಸುವವರಿಗೆ ಒಂದು ಎಚ್ಚರಿಕೆ: ಅರ್ಧ ಇಂಚು ಎನ್ನುವುದು ಕಾಂಡ್ಯೂಟಿನ ಹೆಸರು ಮಾತ್ರ. ಅದಕ್ಕೆ ಬೇಕಾದ ತೂತು ಸುಮಾರು 22 ಮಿ.ಮೀ. ಎರಡೂ ಪದ್ಧತಿಯ ಪಂಚ್‌ಗಳು ಒಂದೇ ಡಬ್ಬಿಯಲ್ಲಿ ಕಲೆತಿದ್ದರೆ ತಪ್ಪು ಪಂಚ್ ಕೈಗೆ ಬರುವುದು ಖಂಡಿತ. ತೂತು 2 ಮಿ.ಮೀ ಹಿಗ್ಗಿದರೂ ಓ-ರಿಂಗ್ ಕೂರುವ ನೆಲ ಅಷ್ಟು ಕಿರಿದಾಗುತ್ತದೆ, ಹಬ್ ಒಂದು ಪಕ್ಕಕ್ಕೆ ಸರಿದು ಅರ್ಧ ಓ-ರಿಂಗ್ ಗಾಳಿಯಲ್ಲಿ ನಿಲ್ಲುತ್ತದೆ.

ಮೊದಲು ಸೆಂಟರ್ ಪಂಚ್‌ನಿಂದ ಗುರುತು. ನಂತರ 4 ಮಿ.ಮೀ ಬಿಟ್, ಆಮೇಲೆ ಸ್ಟಡ್ ಸಲೀಸಾಗಿ ಹೋಗುವಷ್ಟು ಪೈಲಟ್ ತೂತು, 9.5 ಮಿ.ಮೀ ಸ್ಟಡ್‌ಗೆ 11 ಮಿ.ಮೀ ಸಾಕು. ಡೈ ಹೊರಗಡೆ, ಪಂಚ್ ಒಳಗಡೆ ಬರುವಂತೆ ಜೋಡಿಸಿದರೆ ಕತ್ತರಿಸಿದ ಬಿಲ್ಲೆ ಡೈನೊಳಗೇ ಉಳಿದು ಹೊರಬರುತ್ತದೆ, ಪೆಟ್ಟಿಗೆಯೊಳಗೆ ಬೀಳುವುದಿಲ್ಲ. ಪಂಪ್ ಒತ್ತುತ್ತ ಹೋದಂತೆ ಹಿಡಿಕೆ ಬಿಗಿಯಾಗುತ್ತದೆ. ಒಂದು ಹಂತದಲ್ಲಿ ‘ಟಕ್’ ಎಂದು ಸಡಿಲಾಗುತ್ತದೆ, ಕೂಡಲೇ ನಿಲ್ಲಿಸಬೇಕು. ಆ ಸದ್ದಾದ ಮೇಲೂ ಒತ್ತಿದರೆ ಪಂಚ್ ಡೈನ ತಳಕ್ಕೆ ತಾಗಿ ಸ್ಟಡ್ ಮುರಿಯಬಹುದು.

ಪಂಚ್ ಇಲ್ಲದಿದ್ದರೆ ಬೈ-ಮೆಟಲ್ ಹೋಲ್ ಸಾ. 22 ಮಿ.ಮೀ ಸಾಗೆ ಸಾದಾ ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 390 ಸುತ್ತು, ಸ್ಟೇನ್‌ಲೆಸ್‌ನಲ್ಲಿ ಅದರ ಅರ್ಧ. ಕಟಿಂಗ್ ಎಣ್ಣೆ ಹಾಕಿ, ಡ್ರಿಲ್ ನೆಟ್ಟಗೆ ಹಿಡಿದು, ಒತ್ತದೆ ಕೊರೆಯಿರಿ. ಈ ಪೆಟ್ಟಿಗೆಯ ನೆತ್ತಿಯ ಹರಿದ ತೂತು ಪೂರ್ತಿ ವೇಗದಲ್ಲಿ ಅಲುಗಾಡುವ ಸಾ ಬಿಟ್ಟದ್ದರ ಫಲ. ಅಂಚಿನ ಗುರುತುಗಳು ಅದನ್ನೇ ಹೇಳುತ್ತಿದ್ದವು. ಸ್ಟೆಪ್ ಬಿಟ್ (ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಡ್ರಿಲ್ ಬಿಟ್) ಕೂಡ ಒಳ್ಳೆಯದೇ, ಆದರೆ ಬೇಕಾದ ಮೆಟ್ಟಿಲಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಒಂದು ಮೆಟ್ಟಿಲು ಮುಂದೆ ಹೋದರೆ ವಾಪಸ್ ಬರುವ ದಾರಿ ಇಲ್ಲ.

ಗ್ಯಾಸ್ ಕಟ್ಟರ್, ಅರೆದು ದೊಡ್ಡದು ಮಾಡುವುದು, ಸುತ್ತಲೂ ಚಿಕ್ಕ ತೂತು ಕೊರೆದು ಒಡೆಯುವುದು ಇವು ಯಾವುವೂ ದರ್ಜೆ ಇರುವ ಪೆಟ್ಟಿಗೆಗೆ ಆಗುವ ಕೆಲಸವಲ್ಲ.

ನೆತ್ತಿಯ ಹಳೆಯ ತೂತು

28 ಮಿ.ಮೀ ತೂತಿಗೆ ಎಂ25 ಪ್ಲಗ್ ಸಡಿಲ. ರೆಡ್ಯೂಸಿಂಗ್ ವಾಷರ್ ಜೋಡಿ ಹಾಕಿ ಬಿಗಿಯುವ ರೂಢಿ ಎಲ್ಲ ಕಡೆ ಇದೆ. ಅವು ಒಣ ಜಾಗದ ಸಾದಾ ಪೆಟ್ಟಿಗೆಗೆ ಮಾಡಿದವು, ಅವುಗಳಲ್ಲಿ ನೀರು ತಡೆಯುವಂಥದ್ದು ಏನೂ ಇಲ್ಲ. ತಗಡಿನ ತುಂಡು ಇಟ್ಟು ನಾಲ್ಕು ಸ್ಕ್ರೂ ಹಾಕಿದರೆ ಒಂದು ತೂತಿನ ಬದಲು ಐದು ತೂತಾದವು. ಬೆಸುಗೆ ಹಾಕಿದರೆ ಸುತ್ತಲಿನ ಬಣ್ಣ ಸುಟ್ಟು, ತೆಳು ತಗಡು ಸೊಟ್ಟಗಾಗುತ್ತದೆ.

ಹಾಗಾಗಿ ತೂತನ್ನೇ 32.5 ಮಿ.ಮೀಗೆ ಹಿಗ್ಗಿಸಿ ಎಂ32 ಪ್ಲಗ್ ಹಾಕುವುದೆಂದು ತೀರ್ಮಾನಿಸಿದೆವು. ಹರಿದ ಅಂಚು ಕತ್ತರಿಸಿ ಹೋಗಿ, ಶುದ್ಧ ವೃತ್ತ ಉಳಿಯಿತು. ಇಲ್ಲಿನ ತೊಡಕು ಎಂದರೆ 19 ಮಿ.ಮೀ ಸ್ಟಡ್ 28 ಮಿ.ಮೀ ತೂತಿನಲ್ಲಿ ಓಲಾಡುತ್ತದೆ, ಪಂಚ್ ತಾನಾಗಿ ನಡುವೆ ನಿಲ್ಲುವುದಿಲ್ಲ. ತೂತಿನ ಮೇಲೆ ಟೇಪ್ ಎಳೆದು ಕೇಂದ್ರ ಗುರುತಿಸಿ, ಅಡ್ಡ-ಉದ್ದ ಗೆರೆಗಳನ್ನು ಡೈನ ಹೊರಗೂ ಕಾಣುವಷ್ಟು ಉದ್ದ ಎಳೆದು, ಡೈ ಮೇಲಿರುವ ನಾಲ್ಕು ಗುರುತುಗಳನ್ನು ಆ ಗೆರೆಗಳಿಗೆ ಕೂಡಿಸಿ, ಕೈಯಿಂದ ಬಿಗಿದು, ಮತ್ತೊಮ್ಮೆ ನೋಡಿ, ಆಮೇಲೆ ಪಂಪ್. ಸ್ವಲ್ಪ ಆಚೀಚೆಯಾದರೂ ಹಳೆಯ ಹರುಕು ಒಂದು ಪಕ್ಕದಲ್ಲಿ ಉಳಿದುಬಿಡಬಹುದು. ಇನ್ನು ತುಕ್ಕು ಓ-ರಿಂಗ್ ಕೂರುವ ಪಟ್ಟಿಯವರೆಗೂ ಹಬ್ಬಿತ್ತು. ಗಟ್ಟಿ ಲೋಹ ಸಿಗುವವರೆಗೆ ಉಜ್ಜಿ, ಬೆರಳಾಡಿಸಿದಾಗ ಗುಂಡಿ ತಾಗದ ಮೇಲೆಯೇ ಮುಂದಿನ ಹೆಜ್ಜೆ. ತುಕ್ಕಿನ ಗುಂಡಿ ಆಳವಾಗಿದ್ದಿದ್ದರೆ ಪ್ಲಗ್ ಬಿಟ್ಟು ಆ ಬದಿಯನ್ನೇ ಬದಲಿಸಬೇಕಾಗುತ್ತಿತ್ತು.

ಅಂಚು ಮತ್ತು ಬಣ್ಣ

ಪ್ರತಿ ತೂತಿನ ಎರಡೂ ಕಡೆಯ ಬರ್ (ಅಂಚಿನಲ್ಲಿ ಎದ್ದ ಲೋಹದ ಮುಳ್ಳು) ತೆಗೆಯಬೇಕು. ಒಳಗಿನ ಬರ್ ತಂತಿಯ ಸಿಪ್ಪೆ ಸೀಳುತ್ತದೆ, ಹೊರಗಿನದು ಓ-ರಿಂಗ್ ಕೊಯ್ಯುತ್ತದೆ. ಅರದಿಂದ ಅಂಚಿನ ಮುಳ್ಳು ಹೋಗುವಷ್ಟು ಮಾತ್ರ ಉಜ್ಜಿ, ಇಳಿಜಾರು ಮಾಡಬೇಡಿ.

ಪಂಚ್ ಮಾಡಿದ ತಗಡು ಕೆಲವೊಮ್ಮೆ ತಟ್ಟೆಯಂತೆ ತಗ್ಗುತ್ತದೆ. ಚಿಕ್ಕ ಉಕ್ಕಿನ ಸ್ಕೇಲನ್ನು ತೂತಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ಗೊತ್ತಾಗುತ್ತದೆ. ಬೆಳಕು ನುಸುಳಿದರೆ ಹಿಂದೆ ಮರದ ತುಂಡು ಒತ್ತುಕೊಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿ.

ಕತ್ತರಿಸಿದ ಅಂಚು ಬರಿಯ ಉಕ್ಕು. ಸತುವಿನ ಪ್ರೈಮರ್ ತೆಳುವಾಗಿ ಬಳಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, ಮೇಲ್ಬಣ್ಣ. ಅವಸರದಲ್ಲಿ ಹಸಿ ಬಣ್ಣದ ಮೇಲೆ ಹಬ್ ಬಿಗಿದರೆ ಓ-ರಿಂಗ್ ಬಣ್ಣವನ್ನು ಒತ್ತಿ ಅಂಟಿಕೊಳ್ಳುತ್ತದೆ. ಮುಂದೆ ಬಿಚ್ಚುವಾಗ ಎರಡೂ ಕಿತ್ತು ಬರುತ್ತವೆ. ಕುಂಚದ ದಪ್ಪ ಗೆರೆ ಉಳಿಯದಂತೆ ನೋಡಿ, ರಬ್ಬರ್ ಆ ಏರುತಗ್ಗನ್ನು ತುಂಬುವುದಿಲ್ಲ.

ಕೂರಿಸುವುದು

ಸೀಲ್ ಹೊರಗೆ, ಹಲ್ಲಿನ ಲಾಕ್‌ನಟ್ ಒಳಗೆ. ಇದನ್ನು ತಿರುಗಾಮುರುಗಾ ಹಾಕಿದ್ದನ್ನು ಎಷ್ಟೋ ಪೆಟ್ಟಿಗೆಗಳಲ್ಲಿ ಕಾಣಬಹುದು. ವಾಷರ್ ಒಳಗಿದ್ದರೆ ನೀರು ತೂತಿನ ಅಂಚಿಗೆ ಬಂದು ನಿಂತು, ಕತ್ತರಿಸಿದ ಉಕ್ಕನ್ನು ಮೊದಲು ತಿಂದು, ಆಮೇಲೆ ಥ್ರೆಡ್ ಹಿಡಿದು ಒಳಗೆ ಇಳಿಯುತ್ತದೆ.

ಹಬ್ ಕೂರಿಸುವಾಗ ಓ-ರಿಂಗನ್ನೂ ಅದರ ತೋಡನ್ನೂ ಒರೆಸಿ, ಬೆರಳಿನಿಂದ ಸುತ್ತಲೂ ಒತ್ತಿ ತಿರುಚಿಲ್ಲವೆಂದು ಖಚಿತ ಮಾಡಿಕೊಳ್ಳಿ. ಒಳಗಿನಿಂದ ಒಬ್ಬರು ನಟ್ ತಿರುಗಿಸುವಾಗ ಹೊರಗಿನಿಂದ ಇನ್ನೊಬ್ಬರು ಹಬ್ ಅಲುಗದಂತೆ ಹಿಡಿಯಬೇಕು. ತಿರುಗಬೇಕಾದದ್ದು ನಟ್, ಹಬ್ ಅಲ್ಲ. ಹಬ್ ತಿರುಗಿದರೆ ಓ-ರಿಂಗ್ ಉಜ್ಜಿ ಹೊರಳುತ್ತದೆ. ಕೈಬಿಗಿ ಆದ ಮೇಲೆ ತಯಾರಕರು ಕೊಟ್ಟ ಟಾರ್ಕ್. ಗ್ಲ್ಯಾಂಡಿನ ಚಪ್ಪಟೆ ವಾಷರ್ ವಿಷಯದಲ್ಲಿ ಕಣ್ಣೇ ಮೀಟರ್: ರಬ್ಬರ್ ಸುತ್ತಲೂ ಒಂದೇ ಸಮ ಸ್ವಲ್ಪ ಉಬ್ಬಿ ನಿಲ್ಲಬೇಕು. ಒಂದು ಕಡೆ ನಾಲಿಗೆಯಂತೆ ಹೊರಚಾಚಿತೆಂದರೆ ಬಿಗಿ ಅತಿಯಾಯಿತು. ಆ ವಾಷರ್ ಎಸೆದು ಹೊಸದು ಹಾಕಿ, ಹಿಂದೆ ತಿರುಗಿಸಿ ಮತ್ತೆ ಬಳಸಬೇಡಿ.

ಟೆಫ್ಲಾನ್ ಟೇಪ್ ಸುತ್ತುವುದು ಇಲ್ಲಿ ವ್ಯರ್ಥ. ತೂತಿಗೆ ಥ್ರೆಡ್ ಇಲ್ಲ, ಹಬ್‌ನ ಥ್ರೆಡ್ ಅದನ್ನು ಮುಟ್ಟುವುದೂ ಇಲ್ಲ. ಟೇಪ್ ಯಾವುದನ್ನು ಸೀಲ್ ಮಾಡೀತು? ಮೇಲಾಗಿ ಲೋಹದ ಕಾಂಡ್ಯೂಟಿನ ಥ್ರೆಡ್‌ಗೆ ಅದನ್ನು ಸುತ್ತಿದರೆ ಅರ್ಥ್ ದಾರಿಯ ನಡುವೆ ಇನ್ಸುಲೇಷನ್ ಇಟ್ಟಂತಾಗುತ್ತದೆ. ಸಿಲಿಕೋನಿನ ಕತೆಯೂ ಹೀಗೇ. ದರ್ಜೆಯ ಪರೀಕ್ಷೆಯಲ್ಲಿ ಅದು ಇರಲಿಲ್ಲ, ಆದ್ದರಿಂದ ಅದರಿಂದ ದರ್ಜೆ ಬರುವುದಿಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತಾಮ್ರ ಮತ್ತು ಕಾಂಟ್ಯಾಕ್ಟ್‌ಗಳನ್ನು ತಿನ್ನುತ್ತದೆ.

ಅರ್ಥ್: ಒಳನಟ್ ಕೂರುವ ಜಾಗದಲ್ಲಿ ಮಾತ್ರ, ನಟ್ಟಿನ ಅಗಲದಷ್ಟು ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ. ಓ-ರಿಂಗ್ ಇರುವ ಹೊರಮೈಯ ಬಣ್ಣಕ್ಕೆ ಕೈಹಾಕಬೇಡಿ. ಹಬ್‌ನ ಅರ್ಥ್ ಸ್ಕ್ರೂನಿಂದ ಅರ್ಥ್ ಬಾರ್‌ಗೆ ತಂತಿ ಎಳೆದು, ಕಾಂಡ್ಯೂಟಿನಿಂದ ಬಾರ್‌ವರೆಗೆ ಅಳೆಯಿರಿ. 0.1 ಓಮ್‌ಗಿಂತ ಹೆಚ್ಚು ಬಂದರೆ ಎಲ್ಲೋ ಬಣ್ಣ ಉಳಿದಿದೆ.

ಪೈಪಿನ ಒಳಗಿನ ದಾರಿ

ತೂತಿನ ಸುತ್ತ ಇಷ್ಟೆಲ್ಲ ಮಾಡಿ ಕಾಂಡ್ಯೂಟಿನ ಬಾಯಿ ತೆರೆದೇ ಬಿಟ್ಟರೆ ಪೆಟ್ಟಿಗೆಗೆ 25 ಮಿ.ಮೀ ತೂತು ಉಳಿದ ಹಾಗೆಯೇ. ಕಾಂಡ್ಯೂಟಿನ ಆಚೆಯ ತುದಿ ಕೋಣೆಯೊಳಗಿದ್ದರೆ ಅಲ್ಲಿನ ಬೆಚ್ಚಗಿನ ಗಾಳಿ ಪೈಪ್ ಹಿಡಿದು ತಣ್ಣನೆಯ ಪೆಟ್ಟಿಗೆಗೆ ಬರುತ್ತದೆ. 25 ಡಿಗ್ರಿಯಲ್ಲಿ ಶೇ. 60 ತೇವ ಇರುವ ಗಾಳಿಯ ಒಂದು ಘನ ಮೀಟರ್‌ನಲ್ಲಿ ಸುಮಾರು 14 ಗ್ರಾಂ ನೀರಾವಿ ಇರುತ್ತದೆ. 10 ಡಿಗ್ರಿಯ ಗಾಳಿ ಹಿಡಿದಿಡಬಲ್ಲದ್ದು 9.4 ಗ್ರಾಂ ಮಾತ್ರ. ಉಳಿದ ನಾಲ್ಕೂವರೆ ಗ್ರಾಂ ಹನಿಯಾಗಿ ತಗಡಿಗೂ ಟರ್ಮಿನಲ್‌ಗೂ ಕೂರುತ್ತದೆ. ‘ಮಳೆಯೇ ಇಲ್ಲ, ನೀರು ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ ಬಹಳ ಸಲ ಇದೇ ಉತ್ತರ.

ಪರಿಹಾರ ಡಕ್ಟ್ ಸೀಲ್ ಪುಟ್ಟಿ. ತಂತಿಗಳನ್ನು ಒಂದೊಂದಾಗಿ ಬಿಡಿಸಿ, ನಡುನಡುವೆ ಪುಟ್ಟಿ ತುಂಬಿ, ಆಮೇಲೆ ಸುತ್ತಲೂ ಒತ್ತಬೇಕು. ತಂತಿಗಳ ಗೊಂಚಲಿನ ಹೊರಗೆ ಮಾತ್ರ ಮೆತ್ತಿದರೆ ಗಾಳಿ ನಡುವಿನಿಂದ ಹೋಗುತ್ತದೆ. ತಂತಿಯ ಇನ್ಸುಲೇಷನ್‌ಗೆ ಹೊಂದುವುದೆಂದು ಪುಟ್ಟಿಯ ಮೇಲೆ ಬರೆದಿರಬೇಕು. ಬಾಗಿಲು ಕಿಟಕಿಗೆ ಹೊಡೆಯುವ ಫೋಮ್ ಇದಕ್ಕಲ್ಲ. ಗಟ್ಟಿಯಾದ ಮೇಲೆ ತಂತಿ ಎಳೆಯಲೂ ಬರದು.

ಬೇರೆ ಲೋಹ, ಬೇರೆ ಪ್ಲಾಸ್ಟಿಕ್

ಸ್ಟೇನ್‌ಲೆಸ್ ನೆಮಾ 4ಎಕ್ಸ್ (ನೆಮಾ 4ರ ಜೊತೆಗೆ ತುಕ್ಕು ತಡೆಯುವ ದರ್ಜೆ) ಪೆಟ್ಟಿಗೆಯಾದರೆ ಹಬ್‌ಗೂ 4ಎಕ್ಸ್ ಬರಹ ಬೇಕು. ಸಾದಾ ಸತುಲೇಪದ ಹಬ್ ಹಾಕಿದರೆ ಅದು ನೀರನ್ನು ತಡೆದರೂ ತುಕ್ಕಿನ ದರ್ಜೆ ಹೋಯಿತು. ಸಾದಾ ಉಕ್ಕಿಗೆ ಬಳಸಿದ ಅರ, ತಂತಿ ಬ್ರಷ್ ತಾಗಿಸಬೇಡಿ: ಅವುಗಳಿಂದ ಅಂಟಿದ ಕಣಗಳು ಕೆಲವೇ ದಿನದಲ್ಲಿ ಕೆಂಪು ಚುಕ್ಕೆಗಳಾಗುತ್ತವೆ.

ಪಾಲಿಕಾರ್ಬೊನೇಟ್ ಪೆಟ್ಟಿಗೆಗೆ ಪಂಚ್ ಬೇಡ, ಬಿರುಕು ಬಿಡುತ್ತದೆ. ಹಿಂದೆ ಮರದ ಆಧಾರ ಕೊಟ್ಟು ಸ್ಟೆಪ್ ಬಿಟ್ ಬಳಸಿ. ಕಟಿಂಗ್ ಎಣ್ಣೆ, ಥಿನ್ನರ್ ಎರಡೂ ತಾಗಬಾರದು. ಕೂದಲೆಳೆಯ ಬಿರುಕುಗಳು ಆಮೇಲೆ, ನಟ್ ಬಿಗಿದ ಒತ್ತಡಕ್ಕೆ ಏಳುತ್ತವೆ. ಫೈಬರ್‌ಗ್ಲಾಸ್ ಕೊರೆಯುವಾಗ ಮಾಸ್ಕ್ ಬೇಕೇ ಬೇಕು. ಕೊರೆದ ಅಂಚಿಗೆ ರೆಸಿನ್ ಬಳಿಯದಿದ್ದರೆ ನಾರುಗಳು ಬತ್ತಿಯಂತೆ ನೀರು ಹೀರುತ್ತವೆ. ಈ ಎರಡರಲ್ಲೂ ಪೆಟ್ಟಿಗೆ ಅರ್ಥ್ ದಾರಿಯಾಗದು. ಲೋಹದ ಕಾಂಡ್ಯೂಟ್ ಎರಡಿದ್ದರೆ ಅವನ್ನು ಒಳಗೆ ತಂತಿಯಿಂದ ಕೂಡಿಸಲೇಬೇಕು.

ನೀರು ಹೊಡೆದು ನೋಡಿದ್ದು

ಪೂರೈಕೆ ಇನ್ನೂ ಬಂದ್ ಇರುವಾಗಲೇ ಇದು ಆಗಬೇಕು. ಮೊದಲು ಒಳಗೆ ಟಾರ್ಚ್ ಇಟ್ಟು ಬಾಗಿಲು ಹಾಕಿ ಕತ್ತಲಲ್ಲಿ ಸುತ್ತ ನೋಡಿದೆವು. ಬೆಳಕಿನ ಎಳೆ ಎಲ್ಲೂ ಇಲ್ಲ. ಆಮೇಲೆ ಪ್ರತಿ ಹಬ್, ಗ್ಲ್ಯಾಂಡ್, ಪ್ಲಗ್‌ನ ಸುತ್ತ ಒಳಗಡೆ ಒಣ ಟಿಶ್ಯೂ ಅಂಟಿಸಿ, ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಒಂದು ಗಂಟೆ ಕಾಯಲು ಬಿಟ್ಟು, ತಣ್ಣೀರಿನ ಪೈಪನ್ನು 3 ನಿಮಿಷ ಎಲ್ಲ ಕಡೆಯಿಂದ ತಿರುಗಿಸಿದೆವು. ಬಿಸಿ ಪೆಟ್ಟಿಗೆಗೆ ತಣ್ಣೀರು ಹೊಡೆದಾಗಲೇ ಒಳಗಿನ ಎಳೆತ ಜೋರು. ತಣ್ಣಗಿರುವ ಪೆಟ್ಟಿಗೆಯ ಮೇಲೆ ಇದೇ ನೀರು ಸುಮ್ಮನೆ ಜಾರಿಹೋಗಬಹುದು. ಇದು ನಿಮಿಷಕ್ಕೆ 100 ಲೀಟರ್‌ನ ಪ್ರಮಾಣಪರೀಕ್ಷೆಯಲ್ಲ. ಕೂರಿಸಿದ್ದರಲ್ಲಿ ತಪ್ಪಿದೆಯೇ ಎಂದು ಹಿಡಿಯುವ ಪರೀಕ್ಷೆ.

ಎಂ20 ಗ್ಲ್ಯಾಂಡಿನ ಸುತ್ತಲಿನ ಟಿಶ್ಯೂ ಒದ್ದೆಯಾಗಿತ್ತು, ಕಾಸಿನಗಲ. ವಾಷರ್ ಸರಿಯಿತ್ತು, ನೀರು ಬಂದದ್ದು ಗ್ಲ್ಯಾಂಡಿಗೂ ಕೇಬಲ್‌ಗೂ ನಡುವಿನಿಂದ. ಕೇಬಲ್‌ನ ಹೊರ ವ್ಯಾಸ 6.5 ಮಿ.ಮೀ, ಆ ಗ್ಲ್ಯಾಂಡ್ ಹಿಡಿಯುವುದು 8ರಿಂದ 13. ಬಿಗಿದಷ್ಟೂ ಬಿಗಿಯಾದಂತೆ ಅನ್ನಿಸಿದ್ದು ಬರಿಯ ಭ್ರಮೆ. ಕಡಿಮೆ ವ್ಯಾಸದ ಸೀಲ್ ಇರುವ ಎಂ20 ಗ್ಲ್ಯಾಂಡ್ ಹಾಕಿ ಮತ್ತೆ ಕಾಯಿಸಿ, ಮತ್ತೆ ನೀರು ಹೊಡೆದಾಗ ಎಲ್ಲ ಟಿಶ್ಯೂಗಳೂ ಗರಿಗರಿಯಾಗಿಯೇ ಇದ್ದವು. ಒಂದು ಗ್ಲ್ಯಾಂಡಿನಲ್ಲಿ ಎರಡು ಕೇಬಲ್ ತೂರಿಸಿದರೂ ಹೀಗೇ ಸೋರುತ್ತದೆ. ಅದಕ್ಕೆ ಎರಡು ಕಣ್ಣಿನ ಸೀಲ್ ಬೇರೆ ಸಿಗುತ್ತದೆ.

ಗೋಡೆಗೆ ಕಟ್ಟಿದ ಹಿಂಬದಿಯ ನಾಲ್ಕು ಬೋಲ್ಟ್ ತೂತುಗಳನ್ನೂ ಈ ಸಲವೇ ನೋಡಿದೆವು. ಎರಡರಲ್ಲಿ ಸೀಲಿಂಗ್ ವಾಷರ್ ಇರಲಿಲ್ಲ, ಹಾಕಿದ್ದಾಯಿತು.

ಬಾಗಿಲ ಒಳಗೆ ಅಂಟಿಸಿದ ಹಾಳೆಯಲ್ಲಿ ಬರೆದದ್ದು: ತೂತುಗಳ ಜಾಗ ಮತ್ತು ಅಳತೆ, ಪ್ರತಿ ಬಿಡಿಭಾಗದ ದರ್ಜೆ ಮತ್ತು ಮಾದರಿ ಸಂಖ್ಯೆ, ರಬ್ಬರಿನ ಜಾತಿ, ಕೊಟ್ಟ ಟಾರ್ಕ್, ತಾರೀಖು. ಬಾಕಿ ಎರಡು. ರಬ್ಬರ್ ಒತ್ತಿಗೆ ಒಗ್ಗಿಕೊಂಡ ಮೇಲೆ, ನಾಲ್ಕು ವಾರಕ್ಕೆ, ನಟ್ಟುಗಳ ಟಾರ್ಕ್ ಇನ್ನೊಮ್ಮೆ ನೋಡಬೇಕು. ಎರಡನೆಯ ಕಾಂಡ್ಯೂಟಿನ ಆಚೆಯ ತುದಿಗೆ, ಕೋಣೆಯ ಕಡೆ, ಪುಟ್ಟಿ ತುಂಬುವುದಿದೆ.